ಅರವತ್ತೈದಕ್ಕೆ ಮೆಡಿಕೇರ್: ಮೊದಲು ಕ್ಯಾಲೆಂಡರ್, ಆಮೇಲೆ ಪ್ಲಾನ್

ನಮ್ಮ ಅಡುಗೆಮನೆ ಗೋಡೆಯ ಮೇಲೆ ಎರಡು ಕ್ಯಾಲೆಂಡರ್ ಇವೆ. ಒಂದು ಮೈಸೂರಿನಿಂದ ನನ್ನ ತಂಗಿ ಪ್ರತಿ ವರ್ಷ ಯಾರ ಕೈಲಾದರೂ ಕಳಿಸುವ ಪಂಚಾಂಗದ ಕ್ಯಾಲೆಂಡರ್. ಇನ್ನೊಂದು ಇಲ್ಲಿನ ಔಷಧಿ ಅಂಗಡಿಯವರು ಬಿಟ್ಟಿ ಕೊಟ್ಟದ್ದು. 2025ರಲ್ಲಿ ಆ ಎರಡನೆಯದರ ಮೇಲೆ ನಾನು ಹಾಕಿದ ಕೆಂಪು ಗುರುತುಗಳು ಮೊದಲನೆಯದರ ಏಕಾದಶಿ, ಸಂಕಷ್ಟಿಗಳನ್ನೂ ಮೀರಿಸಿದ್ದವು. ಆ ವರ್ಷ ಜೂನ್ ಕೊನೆಗೆ ನಮ್ಮೆಜಮಾನ್ರು 67ನೇ ವಯಸ್ಸಿನಲ್ಲಿ ನಿವೃತ್ತರಾದರು. ಸೆಪ್ಟೆಂಬರ್‌ನಲ್ಲಿ ನನಗೆ 65 ತುಂಬಿತು. ಎರಡು ತಿಂಗಳ ಅಂತರದಲ್ಲಿ ಇಬ್ಬರೂ, ಅಮೆರಿಕದ ಸರ್ಕಾರ 65 ಆದವರಿಗೆ ನಡೆಸುವ ಆರೋಗ್ಯ ಇನ್ಶೂರೆನ್ಸ್ ಆದ ಮೆಡಿಕೇರ್ ಸೇರಿದೆವು, ಅದೂ ಬೇರೆ ಬೇರೆ ಬಾಗಿಲಿಂದ.

ನ್ಯೂಜೆರ್ಸಿಗೆ ಬಂದು ನಮಗೆ 31 ವರ್ಷ. ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಲೆಕ್ಕ ಬರೆಯುತ್ತಿದ್ದವಳು. ಇನ್ಶೂರೆನ್ಸ್ ಕಾಗದ ಓದೋದು ನನಗೆ ಹೊಸದಲ್ಲ. ಆದರೂ ಈ ಮೆಡಿಕೇರ್ ನನ್ನನ್ನು ಸುಸ್ತು ಮಾಡಿತು. ಈಗ ಕನ್ನಡ ಕೂಟದಲ್ಲಿ ಅರವತ್ತು ದಾಟಿದವರು ಸಿಕ್ಕರೆ ಮೊದಲ ಪ್ರಶ್ನೆ, "ನೀವು ಯಾವ ಪ್ಲಾನ್ ತಗೊಂಡ್ರಿ?" ಮುಹೂರ್ತ ಗೊತ್ತಾಗುವ ಮೊದಲೇ ಅಡುಗೆಯವರಿಗೆ ಅಡ್ವಾನ್ಸ್ ಕೊಡುವ ಹಾಗಿದೆ ಈ ಪ್ರಶ್ನೆ. ನಿಮ್ಮ ದಿನಾಂಕಗಳು ಯಾವುವು ಅನ್ನೋದು ಮೊದಲು ಇತ್ಯರ್ಥವಾಗಬೇಕು. ಪ್ಲಾನ್ ತಪ್ಪಾದರೆ ಕೆಲವನ್ನು ಮುಂದಿನ ವರ್ಷ ಬದಲಿಸಬಹುದು. ದಿನಾಂಕ ತಪ್ಪಿದರೆ ದಂಡ ಜೀವನಪೂರ್ತಿ.

ಏಳು ತಿಂಗಳ ಕಿಟಕಿ

ನಮ್ಮಲ್ಲಿ ಅನೇಕರು 67ಕ್ಕೆ ಮೆಡಿಕೇರ್ ಅಂದುಕೊಂಡಿದ್ದಾರೆ. 67 ಅನ್ನೋದು ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಪೂರ್ತಿ ಸಿಗುವ ವಯಸ್ಸು, 1960ರಲ್ಲೋ ಆಮೇಲೋ ಹುಟ್ಟಿದವರಿಗೆ. ಮೆಡಿಕೇರ್ ಮಾತ್ರ 1965ರಲ್ಲಿ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ ದಿನದಿಂದ ಇವತ್ತಿನವರೆಗೆ 65ರಲ್ಲೇ ನಿಂತಿದೆ. ಮೊದಲು ಎರಡೂ ಒಂದೇ ವಯಸ್ಸಿಗೆ ಬರುತ್ತಿದ್ದವು, ಈಗ ಬೇರೆಯಾಗಿವೆ. ಗೊಂದಲದ ಬೇರು ಅಲ್ಲಿದೆ.

65 ತುಂಬುವ ತಿಂಗಳು, ಅದರ ಹಿಂದಿನ ಮೂರು, ಮುಂದಿನ ಮೂರು, ಒಟ್ಟು ಏಳು ತಿಂಗಳು ನೋಂದಣಿಗೆ ಅವಕಾಶ. ನನ್ನದು ಸೆಪ್ಟೆಂಬರ್ ಆದ್ದರಿಂದ ಜೂನ್‌ನಿಂದ ಡಿಸೆಂಬರ್‌ವರೆಗೆ. ಹುಟ್ಟಿದ ತಿಂಗಳಿಗೆ ಮೊದಲೇ ಅರ್ಜಿ ಹಾಕಿದರೆ ಆ ತಿಂಗಳ ಒಂದನೇ ತಾರೀಖಿನಿಂದ ಕವರೇಜ್ ಶುರು. ತಡ ಮಾಡಿದರೆ ಅರ್ಜಿ ಹಾಕಿದ ಮುಂದಿನ ತಿಂಗಳಿಂದ. ಇನ್ನೊಂದು ವಿಚಿತ್ರವಿದೆ: ಒಂದನೇ ತಾರೀಖಿನಂದೇ ಹುಟ್ಟಿದವರಿಗೆ ಎಲ್ಲವೂ ಒಂದು ತಿಂಗಳು ಮುಂಚೆ ಬರುತ್ತದೆ. ಸ್ಕೂಲಿಗೆ ಸೇರಿಸುವಾಗ ಮೇಷ್ಟರು ಅಂದಾಜಿನಲ್ಲಿ ಜೂನ್ 1 ಅಂತ ಬರೆದುಬಿಟ್ಟ ನಮ್ಮ ತಲೆಮಾರಿನವರು ಎಷ್ಟು ಜನರಿದ್ದೀರಿ! ನಿಮಗೆ ಮೇ ತಿಂಗಳೇ ಲೆಕ್ಕ.

ಆಗಲೇ ಸೋಷಿಯಲ್ ಸೆಕ್ಯುರಿಟಿ ಹಣ ತೆಗೆದುಕೊಳ್ಳುತ್ತಿದ್ದರೆ ಕಾರ್ಡ್ ತಾನಾಗಿಯೇ ಮನೆಗೆ ಬರುತ್ತದೆ. ಇನ್ನೂ ಶುರು ಮಾಡಿಲ್ಲದಿದ್ದರೆ ಯಾರೂ ಕರೆಯೋದಿಲ್ಲ, ನೀವೇ ಸೋಷಿಯಲ್ ಸೆಕ್ಯುರಿಟಿಯ ವೆಬ್‌ಸೈಟಿಗೆ ಹೋಗಿ ಅರ್ಜಿ ಹಾಕಬೇಕು. ನನ್ನ ಅರ್ಜಿ ಒಂದು ಲೋಟ ಕಾಫಿ ಆರುವಷ್ಟರಲ್ಲಿ ಮುಗಿಯಿತು. ತಯಾರಿಗೆ ಮಾತ್ರ ಎರಡು ವರ್ಷ ಹಿಡಿದಿತ್ತು.

ಈಗ ನಿಮ್ಮ ಇನ್ಶೂರೆನ್ಸ್ ಯಾರ ಕೆಲಸದಿಂದ ಬರುತ್ತಿದೆ?

ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಅರವತ್ತೈದಾದರೂ ನೀವೋ ನಿಮ್ಮ ಗಂಡ ಅಥವಾ ಹೆಂಡತಿಯೋ ಕೆಲಸದಲ್ಲಿದ್ದು, ಆ ಕಂಪನಿಯಲ್ಲಿ 20 ಅಥವಾ ಹೆಚ್ಚು ನೌಕರರಿದ್ದು, ಅದರ ಇನ್ಶೂರೆನ್ಸ್ ನಿಮಗಿದ್ದರೆ, ಮೆಡಿಕೇರ್‌ನಲ್ಲಿ ಡಾಕ್ಟರು, ಟೆಸ್ಟುಗಳ ಖರ್ಚು ನೋಡಿಕೊಳ್ಳುವ ಪಾರ್ಟ್ ಬಿ ಮುಂದೂಡಬಹುದು, ದಂಡವಿಲ್ಲ. ನಮ್ಮೆಜಮಾನ್ರು ಹೀಗೇ ಎರಡು ವರ್ಷ ಮುಂದೂಡಿದರು.

20ಕ್ಕಿಂತ ಕಡಿಮೆ ಜನರಿದ್ದರೆ ಕಥೆಯೇ ಬೇರೆ. ಆಗ 65ರ ನಂತರ ಮೊದಲು ಕೊಡಬೇಕಾದ್ದು ಮೆಡಿಕೇರ್, ಕಂಪನಿಯ ಇನ್ಶೂರೆನ್ಸ್ ಎರಡನೆಯದು. ನೀವು ಮೆಡಿಕೇರ್ ತೆಗೆದುಕೊಂಡೇ ಇಲ್ಲದಿದ್ದರೆ, ಎರಡನೆಯವರು ಮೊದಲನೆಯವರ ಪಾಲನ್ನು ಕೊಡಲು ಒಪ್ಪದೆ ಹೋಗಬಹುದು. ನಮ್ಮ ಪರಿಚಯದ ಒಬ್ಬರು ಹನ್ನೆರಡು ಜನರ ಆಫೀಸಿನಲ್ಲಿದ್ದರು. ಪ್ರೀಮಿಯಂ ಪ್ರತಿ ತಿಂಗಳೂ ಸಂಬಳದಲ್ಲಿ ಕಡಿತವಾಗುತ್ತಿತ್ತು, ಎಲ್ಲ ಸರಿಯಿದೆ ಅಂದುಕೊಂಡಿದ್ದರು. ಮಂಡಿ ಆಪರೇಷನ್ ಆದಮೇಲೆ ಬಿಲ್ ವಾಪಸು ಬಂತು. ಆಫೀಸಿನವರು ಮೊದಲೇ ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ನೀವು ಎಚ್‌ಆರ್‌ನವರನ್ನು ಬಾಯಿಮಾತಿನಲ್ಲಿ ಕೇಳಬೇಡಿ, ಈಮೇಲ್‌ನಲ್ಲಿ ಕೇಳಿ, ಉತ್ತರವನ್ನು ಪ್ರಿಂಟ್ ತೆಗೆದಿಡಿ.

ಕೆಲಸ ಬಿಟ್ಟಮೇಲೆ ಪಾರ್ಟ್ ಬಿ ಸೇರಲು ಎಂಟು ತಿಂಗಳ ವಿಶೇಷ ಅವಕಾಶವಿದೆ. ಎಂಟು ಅಂತ ಆರಾಮಾಗಿ ಕೂತವರೇ ಎಡವೋದು. ಔಷಧಿಯ ಪಾರ್ಟ್ ಡಿಗೆ ಇರೋದು ಬರೀ ಎರಡು ತಿಂಗಳು. 63 ದಿನ ಔಷಧಿ ಕವರೇಜ್ ಇಲ್ಲದೆ ಕಳೆದರೆ ದಂಡ ಹತ್ತಿಕೊಳ್ಳುತ್ತದೆ. ಕೆಲಸ ಬಿಟ್ಟ ಮೇಲೆ ಪೂರ್ತಿ ದುಡ್ಡು ನಾವೇ ಕಟ್ಟಿ ಹಳೆಯ ಇನ್ಶೂರೆನ್ಸ್ ಮುಂದುವರಿಸುವ ಕೋಬ್ರಾ ಇದೆಯಲ್ಲ, ಅದು ಈ ಎಂಟು ತಿಂಗಳ ಗಡಿಯಾರವನ್ನು ನಿಲ್ಲಿಸೋದಿಲ್ಲ. ಹದಿನೆಂಟು ತಿಂಗಳು ಕೋಬ್ರಾ ಇದೆ, ಆಮೇಲೆ ಮೆಡಿಕೇರ್ ನೋಡೋಣ ಅಂದರೆ ಹೆಸರಿಗೆ ತಕ್ಕ ಹಾಗೆ ಕಚ್ಚುತ್ತದೆ. ನಾನು ಜುಲೈ, ಆಗಸ್ಟ್ ಎರಡು ತಿಂಗಳು ಕೋಬ್ರಾದಲ್ಲಿದ್ದೆ. ನನಗಿನ್ನೂ 65 ಆಗಿರಲಿಲ್ಲ, ಹಾಗಾಗಿ ತೊಂದರೆಯಾಗಲಿಲ್ಲ. ಮೆಡಿಕೇರ್ ಒಬ್ಬೊಬ್ಬರಿಗೇ ಬೇರೆ, ಗಂಡನ ಕಾರ್ಡಿನಲ್ಲಿ ಹೆಂಡತಿಗೆ ಜಾಗವಿಲ್ಲ. ಐದಾರು ವರ್ಷ ಚಿಕ್ಕವರಾದ ಹೆಂಡತಿ ಇರುವವರು ನಿವೃತ್ತಿಯ ದಿನ ಗೊತ್ತುಮಾಡುವ ಮೊದಲು ಆಕೆಯ ಇನ್ಶೂರೆನ್ಸ್ ಏನು ಅಂತ ಯೋಚಿಸಿ.

ನಮ್ಮೆಜಮಾನ್ರಿಗೆ ಬೇಕಾದದ್ದು ಎರಡು ಫಾರ್ಮ್: ಪಾರ್ಟ್ ಬಿ ಅರ್ಜಿ ಸಿಎಂಎಸ್-40ಬಿ, ಮತ್ತು ಇಷ್ಟು ದಿನ ಕೆಲಸದ ಇನ್ಶೂರೆನ್ಸ್ ಇತ್ತು ಅಂತ ಕಂಪನಿಯವರು ಬರೆದುಕೊಡುವ ಸಿಎಂಎಸ್-ಎಲ್564. ಎರಡನೆಯದನ್ನು ಬೀಳ್ಕೊಡುಗೆ ಕೇಕ್ ಕತ್ತರಿಸುವ ಮೊದಲೇ ತೆಗೆದುಕೊಳ್ಳಿ.

ದಂಡ ಎಷ್ಟು ಅಂತ ಹೇಳಿಬಿಡುತ್ತೇನೆ. ಪಾರ್ಟ್ ಬಿಗೆ ತಡವಾದ ಪ್ರತಿ ಪೂರ್ತಿ ಹನ್ನೆರಡು ತಿಂಗಳಿಗೆ ಶೇ. 10. 2026ರ ಸಾಮಾನ್ಯ ಪ್ರೀಮಿಯಂ ತಿಂಗಳಿಗೆ 202.90 ಡಾಲರ್. ಎರಡು ವರ್ಷ ತಡವಾದರೆ ಇದರ ಮೇಲೆ ಸುಮಾರು 40 ಡಾಲರ್, ಪ್ರತಿ ತಿಂಗಳೂ, ಪಾರ್ಟ್ ಬಿ ಇರುವಷ್ಟು ದಿನವೂ. ಪ್ರೀಮಿಯಂ ಏರಿದ ಹಾಗೆ ದಂಡವೂ ಏರುತ್ತದೆ.

ಅರವತ್ತಮೂರನೇ ವರ್ಷದ ಆದಾಯ

ಎರಡು ವರ್ಷ ಮೊದಲೇ ತಯಾರಿ ಅಂದೆನಲ್ಲ, ಕಾರಣ ಇದು. ಪ್ರೀಮಿಯಂ ಎಷ್ಟು ಅನ್ನೋದನ್ನು ಎರಡು ವರ್ಷ ಹಿಂದಿನ ಟ್ಯಾಕ್ಸ್ ರಿಟರ್ನ್ ನೋಡಿ ನಿರ್ಧರಿಸುತ್ತಾರೆ. ಆದಾಯ ಮಿತಿ ದಾಟಿದರೆ ಇರ್ಮಾ ಅನ್ನೋ ಹೆಚ್ಚುವರಿ ಬೀಳುತ್ತದೆ. 2026ಕ್ಕೆ ಆ ಮಿತಿ ಒಬ್ಬರಿಗೆ 1,09,000 ಡಾಲರ್, ಗಂಡ ಹೆಂಡತಿ ಸೇರಿ ರಿಟರ್ನ್ ಹಾಕಿದರೆ 2,18,000. ಒಂದು ಡಾಲರ್ ದಾಟಿದರೂ ಪಾರ್ಟ್ ಬಿ ಪ್ರೀಮಿಯಂ 284.10ಕ್ಕೆ ಹಾರುತ್ತದೆ, ಇಬ್ಬರಿಗೂ.

ನಾವು 2023ರಲ್ಲಿ ಮೈಸೂರಿನ ಮನೆ ಮಾರಿದೆವು. ಮಾವನವರು ಕಟ್ಟಿಸಿದ್ದು, ನೋಡಿಕೊಳ್ಳುವವರಿರಲಿಲ್ಲ. ಇಂಡಿಯಾದಲ್ಲಿ ಟ್ಯಾಕ್ಸ್ ಕಟ್ಟಿದೆವು, ಇಲ್ಲಿ ಅದರ ಕ್ರೆಡಿಟ್ಟೂ ಸಿಕ್ಕಿತು, ಆದರೆ ಲಾಭ ಅಮೆರಿಕದ ಆದಾಯದ ಲೆಕ್ಕಕ್ಕೆ ಸೇರಿಯೇ ಸೇರಿತು. 2025ರಲ್ಲಿ ಪತ್ರ ಬಂತು: ಇಬ್ಬರಿಗೂ 185ರ ಬದಲು 259 ಡಾಲರ್. ಸೈಟು, ಮನೆ ಮಾರಿದ ಕಾರಣಕ್ಕೆ ಇದನ್ನು ಕಡಿಮೆ ಮಾಡೋದಿಲ್ಲ. ಕೆಲಸ ನಿಂತಿತು, ಸಂಗಾತಿ ತೀರಿಕೊಂಡರು, ವಿಚ್ಛೇದನ ಆಯಿತು, ಇಂಥ ಕಾರಣಗಳಿಗೆ ಮಾತ್ರ ಎಸ್‌ಎಸ್‌ಎ-44 ಅನ್ನೋ ಫಾರ್ಮ್ ಇದೆ. ನಮ್ಮೆಜಮಾನ್ರ ಕೆಲಸ ಅದೇ ವರ್ಷ ನಿಂತದ್ದರಿಂದ ಆ ಫಾರ್ಮ್ ಹಾಕಿ ತಪ್ಪಿಸಿಕೊಂಡೆವು. ಊರಲ್ಲಿ ಆಸ್ತಿ ಮಾರುವ ಯೋಚನೆಯಿದ್ದರೆ 63ಕ್ಕೆ ಮೊದಲೇ ಮುಗಿಸಲು ನೋಡಿ. ದಾಯಾದಿಗಳು ಒಪ್ಪಿದರೆ ಅನ್ನಿ.

ಹಣಕಾಸಿನ ಇನ್ನೊಂದು ಬಲೆಗೆ ನಾವು ಬಿದ್ದೇಬಿಟ್ಟೆವು. ಕೆಲಸದಲ್ಲಿ ಎಚ್‌ಎಸ್‌ಎ, ಅಂದರೆ ಚಿಕಿತ್ಸೆಯ ಖರ್ಚಿಗೆ ಟ್ಯಾಕ್ಸ್ ಇಲ್ಲದೆ ಕೂಡಿಡುವ ಖಾತೆಗೆ ಹಣ ಹಾಕುತ್ತಿದ್ದರೆ, ಮೆಡಿಕೇರ್‌ನ ಯಾವ ಭಾಗ ಸೇರಿದರೂ ಹಾಕೋದು ನಿಲ್ಲಿಸಬೇಕು. 65 ದಾಟಿ ಅರ್ಜಿ ಹಾಕುವವರಿಗೆ ಆಸ್ಪತ್ರೆ ಖರ್ಚಿನ ಪಾರ್ಟ್ ಎ ಆರು ತಿಂಗಳು ಹಿಂದಿನಿಂದಲೇ ಜಾರಿಯಾಗುತ್ತದೆ. ಇವರು ಜೂನ್‌ನಲ್ಲಿ ಅರ್ಜಿ ಹಾಕಿದರು, ಕಾರ್ಡಿನಲ್ಲಿ ಹಿಂದಿನ ಡಿಸೆಂಬರ್ ತಾರೀಖು. ಮೇ ತಿಂಗಳ ಸಂಬಳದವರೆಗೂ ಎಚ್‌ಎಸ್‌ಎ ಕಡಿತ ಆಗಿತ್ತು. ಲೆಕ್ಕ ಬರೆಯುವ ಹೆಂಡತಿ ಮನೆಯಲ್ಲಿದ್ದೂ ಹೀಗಾಯಿತು! ಹೆಚ್ಚಾಗಿ ಹಾಕಿದ್ದನ್ನು ಅದರ ಗಳಿಕೆ ಸಮೇತ ವಾಪಸು ತೆಗೆಯಬೇಕಾಯಿತು, ಇಲ್ಲದಿದ್ದರೆ ವರ್ಷಕ್ಕೆ ಶೇ. 6 ದಂಡ. ನೀವು ಅರ್ಜಿಗೆ ಆರು ತಿಂಗಳು ಮುಂಚೆಯೇ ನಿಲ್ಲಿಸಿ.

ಎ, ಬಿ, ಡಿ ಮತ್ತು ನಮ್ಮವರ ಕೆಲವು ಪ್ರಶ್ನೆಗಳು

ಪಾರ್ಟ್ ಎ ಆಸ್ಪತ್ರೆಯಲ್ಲಿ ದಾಖಲಾದಾಗಿನದು, ಬಿ ಡಾಕ್ಟರು, ಟೆಸ್ಟುಗಳದ್ದು, ಡಿ ಔಷಧಿಯದ್ದು. ಅಮೆರಿಕದಲ್ಲಿ 40 ಕ್ರೆಡಿಟ್, ಅಂದರೆ ಸುಮಾರು ಹತ್ತು ವರ್ಷ ದುಡಿದಿದ್ದರೆ ಎ ಪುಕ್ಕಟೆ. ಮನೆ, ಮಕ್ಕಳು ಅಂತ ಹೊರಗೆ ದುಡಿಯದೆ ಇದ್ದ ಹೆಂಗಸರು ಹೆದರಬೇಕಿಲ್ಲ. ಗಂಡನಿಗೆ 40 ಕ್ರೆಡಿಟ್ ಇದ್ದು 62 ದಾಟಿದ್ದರೆ, 65 ಆದ ಹೆಂಡತಿಗೂ ಅದೇ ದಾಖಲೆಯ ಮೇಲೆ ಸಿಗುತ್ತದೆ. ಇಂಡಿಯಾದಲ್ಲಿ ಪಿಎಫ್ ಕಟ್ಟಿದ ವರ್ಷಗಳನ್ನು ಸೇರಿಸಬಹುದೇ ಅಂತ ಕೇಳುತ್ತಾರೆ. ಎರಡು ದೇಶಗಳ ನಡುವೆ ಅಂಥ ಒಪ್ಪಂದವಿಲ್ಲ, ಆಗೋದಿಲ್ಲ.

ನನ್ನ ಓರಗಿತ್ತಿ ತನ್ನ ಅಮ್ಮನನ್ನು ಗ್ರೀನ್ ಕಾರ್ಡ್ ಮೇಲೆ ಕರೆಸಿಕೊಂಡಿದ್ದಾಳೆ. ಆಕೆಗೆ 72. ಅಂಥವರು ಇಲ್ಲಿ ಸತತವಾಗಿ ಐದು ವರ್ಷ ಇದ್ದಮೇಲೆ ದುಡ್ಡು ಕೊಟ್ಟು ಸೇರಬಹುದು. ಪಾರ್ಟ್ ಎಗೂ ಪ್ರೀಮಿಯಂ ಕಟ್ಟಬೇಕು, 2026ರಲ್ಲಿ ತಿಂಗಳಿಗೆ 565 ಡಾಲರ್. ಎ ಬೇಡವೆಂದರೆ ಬಿ ಮಾತ್ರ ತೆಗೆದುಕೊಳ್ಳಬಹುದು. ಐದು ವರ್ಷ ತುಂಬುವ ತಿಂಗಳನ್ನು ಈಗಲೇ ಗುರುತುಹಾಕಿಕೋ ಅಂದಿದ್ದೇನೆ. ಆಕೆಗೂ ಅದೇ ಏಳು ತಿಂಗಳ ಕಿಟಕಿ ತೆರೆಯುತ್ತದೆ, ಅದೇ ದಂಡವೂ ಕಾಯುತ್ತಿರುತ್ತದೆ.

ಮೆಡಿಕೇರ್ ಕೊಡದಿರುವುದೂ ಬಹಳವಿದೆ. ಸಾಮಾನ್ಯ ಹಲ್ಲಿನ ಕೆಲಸ, ಕನ್ನಡಕ, ಕಿವಿಯ ಯಂತ್ರ, ಮನೆಯಲ್ಲಿ ಸ್ನಾನ ಊಟಕ್ಕೆ ನೋಡಿಕೊಳ್ಳುವವರ ಖರ್ಚು, ಇವೆಲ್ಲ ನಿಮ್ಮದೇ. ಹಲ್ಲಿನ ಕ್ಲಿನಿಕ್ಕಿನಲ್ಲಿದ್ದವಳಾಗಿ ಒಂದು ಮಾತು: ಕೆಲಸದ ಡೆಂಟಲ್ ಇನ್ಶೂರೆನ್ಸ್ ಇರುವಾಗಲೇ ಬಾಕಿ ಕ್ರೌನ್ ಹಾಕಿಸಿಕೊಳ್ಳಿ.

ಈಗ ಪ್ಲಾನ್

ಬಿ ಭಾಗ ವರ್ಷದ ಡಿಡಕ್ಟಿಬಲ್, ಅಂದರೆ ಮೊದಲು ನಾವೇ ಕೊಡಬೇಕಾದ ಮೊತ್ತ, ಮುಗಿದ ಮೇಲೆ ಶೇ. 80 ಕೊಡುತ್ತದೆ. ಉಳಿದ 20ಕ್ಕೆ ಮೇಲ್ಮಿತಿಯೇ ಇಲ್ಲ. ಆ ಇಪ್ಪತ್ತನ್ನು ಏನು ಮಾಡುತ್ತೀರಿ ಅನ್ನೋದೇ ನಿಜವಾದ ಆಯ್ಕೆ. ಒಂದು ದಾರಿ, ಮೂಲ ಮೆಡಿಕೇರ್ (ಎ ಮತ್ತು ಬಿ) ಇಟ್ಟುಕೊಂಡು ಮೇಲೆ ಅದು ಬಿಟ್ಟದ್ದನ್ನು ತುಂಬುವ ಖಾಸಗಿ ಇನ್ಶೂರೆನ್ಸ್ ಮೆಡಿಗ್ಯಾಪ್ ಕೊಳ್ಳುವುದು, ಔಷಧಿಗೆ ಬೇರೆ ಪಾರ್ಟ್ ಡಿ. ಇನ್ನೊಂದು, ಖಾಸಗಿ ಕಂಪನಿ ಎಲ್ಲವನ್ನೂ ಸೇರಿಸಿ ಕೊಡುವ ಮೆಡಿಕೇರ್ ಅಡ್ವಾಂಟೇಜ್, ಅದೇ ಪಾರ್ಟ್ ಸಿ.

ಅಡ್ವಾಂಟೇಜ್‌ನಲ್ಲಿ ಬಿ ಪ್ರೀಮಿಯಂ ಬಿಟ್ಟರೆ ಹೆಚ್ಚಿಗೆ ಏನೂ ಕಟ್ಟದ ಪ್ಲಾನ್‌ಗಳು ಸಾಕಷ್ಟಿವೆ. ಹಲ್ಲು, ಕನ್ನಡಕ, ಜಿಮ್ ಅಂತ ಆಸೆ ತೋರಿಸುತ್ತಾರೆ. ವರ್ಷದ ಖರ್ಚಿಗೆ ಮೇಲ್ಮಿತಿಯೂ ಇದೆ, 2026ರಲ್ಲಿ ನೆಟ್‌ವರ್ಕ್ ಒಳಗೆ ಅದು 9,250 ಡಾಲರ್ ದಾಟುವಂತಿಲ್ಲ. ಬದಲಿಗೆ, ಅವರ ಪಟ್ಟಿಯ ಡಾಕ್ಟರ ಹತ್ತಿರವೇ ಹೋಗಬೇಕು, ಎಷ್ಟೋ ಚಿಕಿತ್ಸೆಗೆ ಮೊದಲು ಅವರ ಅನುಮತಿ ಬೇಕು. ಕ್ಲಿನಿಕ್ಕಿನಲ್ಲಿ ಈ ಅನುಮತಿಗಾಗಿ ಫೋನ್ ಹಿಡಿದು ಕೂತ ಗಂಟೆಗಳು ನನಗೆ ನೆನಪಿವೆ. ಎಪ್ಪತ್ತೈದರಲ್ಲಿ, ಕಾಯಿಲೆಯಲ್ಲಿ, ಆ ಫೋನ್ ನಾನೇ ಹಿಡಿಯಬೇಕಾದೀತು ಅನ್ನಿಸಿತು. ಆರೋಗ್ಯವಾಗಿದ್ದು, ಕೈ ಬಿಗಿಯಿದ್ದು, ನಿಮ್ಮ ಡಾಕ್ಟರುಗಳೆಲ್ಲ ಅದರ ಪಟ್ಟಿಯಲ್ಲಿದ್ದರೆ ಅಡ್ವಾಂಟೇಜ್ ಕೆಟ್ಟದ್ದೇನಲ್ಲ. ನಾವು ಮಾತ್ರ ಮೆಡಿಗ್ಯಾಪ್ ಕಡೆ ಹೋದೆವು.

ಮೆಡಿಗ್ಯಾಪ್‌ಗೂ ಒಂದು ದಿನಾಂಕವಿದೆ, ಎಲ್ಲಕ್ಕಿಂತ ಕಠಿಣವಾದದ್ದು. 65 ಆಗಿ ಪಾರ್ಟ್ ಬಿ ಶುರುವಾದ ತಿಂಗಳಿಂದ ಆರು ತಿಂಗಳು, ನಿಮಗೆ ಸಕ್ಕರೆ ಕಾಯಿಲೆ ಇರಲಿ, ಎದೆಗೆ ಸ್ಟೆಂಟ್ ಇರಲಿ, ಯಾವ ಕಂಪನಿಯೂ ಇಲ್ಲ ಅನ್ನುವಂತಿಲ್ಲ, ಕಾಯಿಲೆಯ ಹೆಸರಲ್ಲಿ ಹೆಚ್ಚು ಕೇಳುವಂತಿಲ್ಲ. ಆರು ತಿಂಗಳು ಕಳೆದ ಮೇಲೆ ಹೆಚ್ಚಿನ ರಾಜ್ಯಗಳಲ್ಲಿ ನಿಮ್ಮ ಆರೋಗ್ಯ ಕೆದಕಿ ನಿರಾಕರಿಸಬಹುದು. ನ್ಯೂಯಾರ್ಕ್, ಕನೆಕ್ಟಿಕಟ್‌ನವರು ಪುಣ್ಯವಂತರು, ಅಲ್ಲಿ ವರ್ಷವಿಡೀ ಬಾಗಿಲು ತೆರೆದಿರುತ್ತದೆ. ಅಂದರೆ, ಈಗ ಗಟ್ಟಿಮುಟ್ಟಾಗಿದ್ದೇನೆ, ಅಡ್ವಾಂಟೇಜ್ ಸಾಕು, ಕಾಯಿಲೆ ಬಂದಾಗ ಮೆಡಿಗ್ಯಾಪ್ ತಗೊಂಡರಾಯ್ತು ಅನ್ನುವ ಜಾಣತನ ಇಲ್ಲಿ ನಡೆಯದು. 65ಕ್ಕೆ ಮೊದಲ ಸಲ ಅಡ್ವಾಂಟೇಜ್ ಸೇರಿದವರು ಹನ್ನೆರಡು ತಿಂಗಳೊಳಗೆ ಮನಸ್ಸು ಬದಲಿಸಿದರೆ ಒಂದು ವಿನಾಯಿತಿ ಇದೆ, ಅಷ್ಟೆ.

ಮೆಡಿಗ್ಯಾಪ್‌ಗೂ ಇಂಗ್ಲಿಷ್ ಅಕ್ಷರಗಳ ಹೆಸರು. ಯಾವ ಕಂಪನಿಯ ಪ್ಲಾನ್ ಜಿ ಆದರೂ ಒಳಗಿನ ಮೂಲ ಸೌಲಭ್ಯ ಒಂದೇ, ಬೆಲೆ ಮಾತ್ರ ಬೇರೆ. ಆದ್ದರಿಂದ ಅಕ್ಷರ ಗೊತ್ತುಮಾಡಿ, ಆಮೇಲೆ ಬೆಲೆ ಕೇಳಿ, ಹಿಂದಿನ ವರ್ಷಗಳಲ್ಲಿ ಎಷ್ಟೆಷ್ಟು ಏರಿಸಿದ್ದಾರೆ ಅಂತಲೂ ಕೇಳಿ. ಜಿಯಲ್ಲಿ ಪಾರ್ಟ್ ಬಿ ಡಿಡಕ್ಟಿಬಲ್ ಮಾತ್ರ ನಿಮ್ಮದು, 2026ಕ್ಕೆ 283 ಡಾಲರ್. ಪ್ಲಾನ್ ಎನ್ ಸ್ವಲ್ಪ ಅಗ್ಗ, ಡಾಕ್ಟರ ಭೇಟಿಗೆ 20 ಡಾಲರ್‌ವರೆಗೆ, ಎಮರ್ಜೆನ್ಸಿಗೆ 50 ಡಾಲರ್‌ವರೆಗೆ ಕೊಡಬೇಕಾಗುತ್ತದೆ. ಇವರಿಗೆ ಜಿ, ನನಗೆ ಎನ್. ಯಾರು ಹೆಚ್ಚು ಡಾಕ್ಟರ ಹತ್ತಿರ ಓಡುತ್ತಾರೆ ಅಂತ ಮನೆಯಲ್ಲಿ ಚರ್ಚೆಯೇ ಬೇಕಾಗಲಿಲ್ಲ.

ನಾವು ಮೆಡಿಗ್ಯಾಪ್ ಆರಿಸಿದ್ದಕ್ಕೆ ಇನ್ನೊಂದು ಕಾರಣ ಊರು. ಇಂಡಿಯಾದಲ್ಲಿ ಮೂಲ ಮೆಡಿಕೇರ್ ಒಂದು ಕಾಸೂ ಕೊಡೋದಿಲ್ಲ. ಜಿ, ಎನ್ ಎರಡರಲ್ಲೂ ಹೊರದೇಶದ ತುರ್ತು ಚಿಕಿತ್ಸೆಗೆ 250 ಡಾಲರ್ ಕಳೆದು ಶೇ. 80 ಸಿಗುತ್ತದೆ. ಆದರೆ ಪ್ರಯಾಣದ ಮೊದಲ 60 ದಿನದೊಳಗೆ ಆದದ್ದಕ್ಕೆ ಮಾತ್ರ, ಜೀವಮಾನಕ್ಕೆಲ್ಲ ಸೇರಿ 50,000 ಡಾಲರ್. ದಸರಾಕ್ಕೆ ಹೋಗಿ ಸಂಕ್ರಾಂತಿ ಮುಗಿಸಿ ಬರುವವರಿಗೆ ಇದು ಸಾಲದು, ಬೇರೆ ಟ್ರಾವೆಲ್ ಇನ್ಶೂರೆನ್ಸ್ ಬೇಕು. ಅಡ್ವಾಂಟೇಜ್‌ನಲ್ಲಿ ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ಅವರ ಪ್ರದೇಶ ಬಿಟ್ಟಿದ್ದರೆ ಪ್ಲಾನ್‌ನಿಂದಲೇ ತೆಗೆದುಹಾಕುತ್ತಾರೆ. ನಿವೃತ್ತಿಯ ನಂತರ ಮೈಸೂರಲ್ಲೇ ನೆಲೆಸುವ ಆಸೆಯಿರುವವರು ಪುಕ್ಕಟೆ ಸಿಗುವ ಎ ಇಟ್ಟುಕೊಳ್ಳಿ. ಬಿ ಬಿಡುವ ಮೊದಲು ಮಾತ್ರ ಎರಡು ಸಲ ಯೋಚಿಸಿ. ಮೊಮ್ಮಕ್ಕಳ ಸೆಳೆತಕ್ಕೆ ಐದು ವರ್ಷದ ನಂತರ ವಾಪಸು ಬಂದರೆ ಶೇ. 50 ದಂಡದ ಜೊತೆಗೇ ಬರಬೇಕು.

ಪಾರ್ಟ್ ಡಿಗೆ ಅಕ್ಕಪಕ್ಕದವರ ಸಲಹೆ ಕೇಳಬೇಡಿ, ಅವರ ಮಾತ್ರೆ ಬೇರೆ, ನಿಮ್ಮ ಮಾತ್ರೆ ಬೇರೆ. ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು, ಹೆಸರು, ಮಿಲಿಗ್ರಾಂ ಸಮೇತ ಮೆಡಿಕೇರ್ ವೆಬ್‌ಸೈಟಿನ ಪ್ಲಾನ್ ಹುಡುಕುವ ಪುಟದಲ್ಲಿ ತುಂಬಿ, ವರ್ಷದ ಒಟ್ಟು ಖರ್ಚಿನ ಪ್ರಕಾರ ಜೋಡಿಸಿ ನೋಡಿ. ಪ್ಲಾನ್ ಒಪ್ಪುವ ಔಷಧಿಗಳಿಗೆ 2026ರಲ್ಲಿ ನಿಮ್ಮ ಕೈಯಿಂದ 2,100 ಡಾಲರ್‌ಗಿಂತ ಹೆಚ್ಚು ಹೋಗುವಂತಿಲ್ಲ. ಈಗ ಒಂದೂ ಮಾತ್ರೆ ಇಲ್ಲದವರೂ ಅತಿ ಅಗ್ಗದ್ದೊಂದನ್ನು ಹಿಡಿದಿಡಿ, ದಂಡ ತಪ್ಪುತ್ತದೆ.

64 ತುಂಬುತ್ತಿದ್ದ ಹಾಗೆ ಅಂಚೆಪೆಟ್ಟಿಗೆ ತುಂಬತೊಡಗುತ್ತದೆ, ಫೋನ್ ಬಡಿದುಕೊಳ್ಳುತ್ತದೆ. "ಮೆಡಿಕೇರ್‌ನಿಂದ ಮಾತಾಡ್ತಿದ್ದೀವಿ, ನಿಮ್ಮ ಕಾರ್ಡ್ ನಂಬರ್ ಹೇಳಿ" ಅಂದವರಿಗೆ ಏನೂ ಹೇಳದೆ ಇಟ್ಟುಬಿಡಿ. ಏಜೆಂಟರು ಕೆಟ್ಟವರಂತಲ್ಲ, ಅವರಿಗೆ ಕಮಿಷನ್ ಕೊಡುವವರು ಇನ್ಶೂರೆನ್ಸ್ ಕಂಪನಿಯವರು ಅನ್ನೋದು ನೆನಪಿರಲಿ. ಪ್ರತಿ ರಾಜ್ಯದಲ್ಲೂ ಶಿಪ್ ಅನ್ನೋ ಪುಕ್ಕಟೆ ಸಲಹಾ ವ್ಯವಸ್ಥೆ ಇದೆ, ಕ್ಯಾಲಿಫೋರ್ನಿಯಾದಲ್ಲಿ ಅದರ ಹೆಸರು ಹೈಕ್ಯಾಪ್. ನಮಗೆ ಹೇಳಿಕೊಟ್ಟವರು ಎಪ್ಪತ್ತು ದಾಟಿದ ಒಬ್ಬ ಸ್ವಯಂಸೇವಕಿ. ಒಂದೂವರೆ ಗಂಟೆ ಕೂತರು, ಏನನ್ನೂ ಮಾರಲಿಲ್ಲ. ಹೋಗುವಾಗ ಔಷಧಿಗಳ ಪಟ್ಟಿ, ಡಾಕ್ಟರುಗಳ ಹೆಸರು, ಎಚ್‌ಆರ್ ಈಮೇಲ್, ಎರಡು ವರ್ಷದ ಟ್ಯಾಕ್ಸ್ ರಿಟರ್ನ್ ತೆಗೆದುಕೊಂಡು ಹೋಗಿ.

ಔಷಧಿ ಪ್ಲಾನ್‌ಗಳು ವರ್ಷವರ್ಷವೂ ತಮ್ಮ ಪಟ್ಟಿ ಬದಲಿಸುತ್ತವೆ. ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ ಪ್ಲಾನ್ ಬದಲಿಸಬಹುದು. ಹೊಸ ಕ್ಯಾಲೆಂಡರ್ ಬಂದ ದಿನವೇ ಆ ಎರಡು ತಾರೀಖಿಗೆ ಕೆಂಪು ಸುತ್ತು ಹಾಕಿದ್ದೇನೆ. ಆ ಹೊತ್ತಿಗೆ ನವರಾತ್ರಿ. ಗೊಂಬೆಗಳನ್ನು ಇಳಿಸಿದ ಮೇಜಿನ ಮೇಲೆ ಮಾತ್ರೆ ಡಬ್ಬಿಗಳನ್ನು ಜೋಡಿಸಿ ಕೂರುತ್ತೇವೆ.